ಹಂಸ ಮೇಡಂ ಕಾದ ಒಂದು ಸೆಕೆಂಡು

ಹೊಳೆನರಸೀಪುರದ ಕೋಟೆ ಬೀದಿಯಲ್ಲಿ ಪುರೋಹಿತ ಯೋಗಾನರಸಿಂಹನವರನ್ನು ಯಾರಾದರೂ "ಸ್ವಾಮಿ, ಟೈಮೆಷ್ಟು?" ಎಂದು ಕೇಳಿದರೆ ಉತ್ತರ ಕೂಡಲೇ ಸಿಗುತ್ತಿರಲಿಲ್ಲ. ಅವರು ಮುಂಗೈ ಎತ್ತಿ, ಸೆಕೆಂಡಿನ ಮುಳ್ಳು ಹನ್ನೆರಡರ ಮೇಲೆ ಬಂದು ಕೂರುವವರೆಗೂ ಉಸಿರು ಬಿಗಿಹಿಡಿದು ಕಾಯುವರು. ಕೂತಮೇಲೆ, "ಈಗ, ಸರಿಯಾಗಿ ಎಂಟು ಗಂಟೆ ಹನ್ನೊಂದು ನಿಮಿಷ" ಎನ್ನುವರು. ಅಷ್ಟರಲ್ಲಿ ಹಾಸನದ ಬಸ್ಸು ಹೋಗಿಯೇ ಬಿಟ್ಟಿರುತ್ತಿತ್ತು ಅನ್ನಿ. ಜಾತಕ ಬರೆಯುವ ಮನುಷ್ಯ. ಅವರ ಲೆಕ್ಕದಲ್ಲಿ ಅರ್ಧ ನಿಮಿಷವೆಂದರೆ ಒಂದು ಮಗುವಿನ ಹಣೆಬರಹ. "ಅರೆಬರೆ ನೋಡಿ ಹೇಳೋದಕ್ಕಿಂತ ಬಾಯಿ ಮುಚ್ಕೊಂಡಿರೋದು ವಾಸಿ" ಎಂಬುದು ಅವರ ಸಿದ್ಧಾಂತ.

ಅವರ ಒಬ್ಬಳೇ ಮಗಳು ಹಂಸ ಈ ಸಿದ್ಧಾಂತವನ್ನು ಹಾಲಿನ ಜೊತೆ ಕುಡಿದು ಬೆಳೆದವಳು. ಜಾತಕದ ಮೇಲೆ ಅವಳಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಗಡಿಯಾರದ ಮೇಲೆ ಮಾತ್ರ ವಿಪರೀತ ಭಕ್ತಿ. ಮಾತು ಚುರುಕು, ನಡಿಗೆ ಚುರುಕು, ಸಿಟ್ಟು ಎರಡಕ್ಕಿಂತ ಚುರುಕು. ದಿನಾ ಬಸ್ಸಿನಲ್ಲಿ ಹಾಸನಕ್ಕೆ ಓಡಾಡಿಕೊಂಡು ಇಂಜಿನಿಯರಿಂಗ್ ಮುಗಿಸಿದಳು. ತೊಂಬತ್ತೆಂಟರಲ್ಲಿ ಚನ್ನರಾಯಪಟ್ಟಣದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಅಲ್ಲೇ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದಳು. ಮದುವೆಯ ಮಾತೆತ್ತಿದವರಿಗೆ "ಹುಡುಗ ಸರಿಯಾದ ಟೈಮಿಗೆ ಬರ್ತಾನಾ ಕೇಳಿ ಮೊದಲು" ಎನ್ನುತ್ತಿದ್ದಳು. ಆಮೇಲಾಮೇಲೆ ಕೇಳುವವರೂ ಕಮ್ಮಿಯಾದರು.

ಅವಳ ತಲೆ ಕೆಡಿಸಿದ್ದು ಮಾತ್ರ ಒಂದು ಪತ್ರಿಕೆಯ ಜೊತೆ ಪುಕ್ಕಟೆ ಬಂದ ಲಿನಕ್ಸ್ ಸೀಡಿ. ಕಂಪ್ಯೂಟರಿನ ಒಳಗೆ ಕೂತು ಎಲ್ಲರಿಗೂ ಕೆಲಸ ಹಂಚುವ ಯಜಮಾನನಿಗೆ ಕರ್ನಲ್ ಎನ್ನುತ್ತಾರೆ. ಆ ಯಜಮಾನನ ಒಳಗುಟ್ಟೆಲ್ಲ, ಒಂದು ಸಾಲೂ ಮುಚ್ಚಿಡದೆ, ಆ ಸೀಡಿಯಲ್ಲಿ ಬರೆದಿಟ್ಟಿತ್ತು. ಹಂಸ ಸೀದಾ ಹೋಗಿ ತೆರೆದದ್ದು ಗಡಿಯಾರದ ಭಾಗವನ್ನೇ. ನೋಡಿದರೆ, ಕಂಪ್ಯೂಟರಿನಲ್ಲಿ ಗಡಿಯಾರ ಒಂದಲ್ಲ, ಎರಡು! ಒಂದು, ಬೋರ್ಡಿನ ಮೂಲೆಯಲ್ಲಿ ಗುಂಡಿ ಬ್ಯಾಟರಿ ಹಾಕಿಕೊಂಡು ಕೂತಿರುವ ಸಣ್ಣ ಚಿಪ್ಪು. ಕರೆಂಟ್ ಇರಲಿ ಬಿಡಲಿ, ಅದರ ಪಾಡಿಗೆ ಅದು ನಡೆಯುತ್ತದೆ. ಇನ್ನೊಂದು ಕರ್ನಲ್ ತಾನೇ ಎಣಿಸಿಕೊಳ್ಳುವ ಗಡಿಯಾರ. ಸೆಕೆಂಡಿಗೆ ನೂರು ಸಲ ಯಂತ್ರ ಅದರ ಬಾಗಿಲು ತಟ್ಟುತ್ತದೆ. ಒಂದೊಂದು ತಟ್ಟಿಗೂ ಕರ್ನಲ್ ಒಂದೊಂದು ಸೇರಿಸಿಕೊಳ್ಳುತ್ತಾ ಹೋಗುತ್ತದೆ. ಬೆಳಗ್ಗೆ ಎದ್ದಾಗ ಒಮ್ಮೆ ಮಾತ್ರ ಬ್ಯಾಟರಿ ಗಡಿಯಾರವನ್ನು ಕೇಳಿ, ಆಮೇಲೆ ದಿನವಿಡೀ ತನ್ನ ಎಣಿಕೆಯನ್ನೇ ನಂಬಿಕೊಂಡಿರುತ್ತದೆ.

ಅಷ್ಟೇ ಆಗಿದ್ದರೆ ಅವಳು ಮರೆತುಬಿಡುತ್ತಿದ್ದಳೋ ಏನೋ. ಅವಳ ಕಣ್ಣರಳಿದ್ದು ಮುಂದಿನ ಸಾಲುಗಳಿಗೆ. ಬ್ಯಾಟರಿ ಗಡಿಯಾರ ಸೆಕೆಂಡಿಗೊಮ್ಮೆ ತನ್ನ ಅಂಕಿಗಳನ್ನು ಬದಲಿಸುತ್ತದೆ. ಬದಲಿಸುತ್ತಿರುವಾಗಲೇ ಹೋಗಿ ಓದಿದರೆ ಒಂಬತ್ತೂ ಐವತ್ತೊಂಬತ್ತರ ಬದಲು ಹತ್ತೂ ಐವತ್ತೊಂಬತ್ತು ಸಿಕ್ಕಿದರೂ ಸಿಕ್ಕಿತು. ಅದಕ್ಕೇ ಕರ್ನಲ್ ಬೆಳಗ್ಗೆ ಮೊದಲ ಸಲ ಕೇಳುವಾಗ, ಹೊಸ ಸೆಕೆಂಡು ಹುಟ್ಟುವ ಅಂಚಿನವರೆಗೂ ಸುಮ್ಮನೆ ಕಾದು, ಹುಟ್ಟಿದ ಮೇಲೆ ಓದುತ್ತದೆ. "ಅಯ್ಯೋ, ನಮ್ಮಪ್ಪ!" ಎಂದು ಲ್ಯಾಬಿನಲ್ಲಿ ಒಬ್ಬಳೇ ಕೂತು ನಕ್ಕಳು. ಆ ಊರಿಗೆ ಬಂದಮೇಲೆ ಅಷ್ಟು ಸಂತೋಷ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಎರಡು ಸಾವಿರದ ಎರಡನೇ ಇಸವಿಯ ಜನವರಿಯಲ್ಲಿ ಅರುಣ್‌ಕುಮಾರ್ ಅವಳನ್ನು ಹುಡುಕಿಕೊಂಡು ಬಂದ. ಚನ್ನರಾಯಪಟ್ಟಣದಿಂದ ಆರು ಮೈಲಿ ದೂರದ ಹೊಸಕೆರೆಕೊಪ್ಪಲಿನವನು. ಅವಳ ಹಳೆಯ ವಿದ್ಯಾರ್ಥಿ. ಓದಿನಲ್ಲಿ ಅಷ್ಟಕ್ಕಷ್ಟೆ, ಓಡಾಟದಲ್ಲಿ ಗಟ್ಟಿಗ. ಈಗ ಊರಿನ ಕೆರೆ ಬಳಕೆದಾರರ ಸಂಘದ ಕಾರ್ಯದರ್ಶಿ.

"ಮೇಡಂ, ನಮ್ ಕೆರೆ ನೀರಿನ ಪಾಳೀಗೆ ಒಂದು ಕಂಪ್ಯೂಟರ್ ಹಾಕ್ಬೇಕು. ಹಳೇ ಮಿಷನ್ ಒಂದು ಸಿಕ್ಕದೆ. ನೀವೇ ಮಾಡ್ಕೊಡ್ಬೇಕು ಕಣ್ ಮೇಡಂ" ಎಂದ.

ಆ ಕೆರೆಯ ನೀರು ಎರಡು ಊರಿನದು. ಬೆಳಗ್ಗೆ ಆರರಿಂದ ಹನ್ನೆರಡರವರೆಗೆ ಹೊಸಕೆರೆಕೊಪ್ಪಲಿಗೆ, ಹನ್ನೆರಡರ ಮೇಲೆ ಕೆಳಗಿನ ಊರಿಗೆ. ಕೊಪ್ಪಲಿನ ಪಾಲಿನ ಆರು ಗಂಟೆಯಲ್ಲಿ ಒಂಬತ್ತು ಕಾಲುವೆಗೆ ನಲವತ್ತು ನಲವತ್ತು ನಿಮಿಷ. ತೂಬಿನ ಮುಂದಿನ ತೊಟ್ಟಿಯಿಂದ ಒಂಬತ್ತು ಕಾಲುವೆಗಳೂ ಹೊರಡುತ್ತವೆ. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವುದು ನೀರುಗಂಟಿ ಪಾಪಯ್ಯನ ಕೆಲಸ. ಅವನಪ್ಪ, ಅವನ ತಾತ ಎಲ್ಲರೂ ಅದನ್ನೇ ಮಾಡಿದವರು. ತೂಬಿನ ಪಕ್ಕದ ಕಲ್ಲಿನ ಮೇಲೆ ಗೀಟು ಎಳೆದುಕೊಂಡು, ನೆರಳು ನೋಡಿ ನೀರು ಬಿಡುತ್ತಿದ್ದರು. ಸಂಘ ಆದಮೇಲೆ ನೆರಳು ಸಾಲದು, ಎಲ್ಲದಕ್ಕೂ ದಾಖಲೆ ಬೇಕು ಎಂದಾಯಿತು.

ಹಂಸ ಹದಿನೈದು ದಿನದಲ್ಲಿ ಮಾಡಿಕೊಟ್ಟಳು. ತೂಬಿನ ಮನೆಯ ಹೊರಗೆ ದೊಡ್ಡ ಕೆಂಪು ಅಂಕಿಗಳ ಬೋರ್ಡು. ಅದರಲ್ಲಿ ಕರ್ನಲ್ ಎಣಿಸುವ ಗಂಟೆ, ನಿಮಿಷ. ದಿನಾ ಬೆಳಗ್ಗೆ ಆರಕ್ಕೆ ಮಿಷನ್ ಹಚ್ಚಿ, ಆ ಬೋರ್ಡು ನೋಡಿ ಪಾಪಯ್ಯ ಪಾಳಿ ಬದಲಿಸಬೇಕು, ಬದಲಿಸಿದಾಗಲೆಲ್ಲ ಒಂದು ಗುಂಡಿ ಒತ್ತಬೇಕು. ಒಳಗೆ ಕಂಪ್ಯೂಟರು ಇಪ್ಪತ್ತು ಸೆಕೆಂಡಿಗೊಂದು ಸಾಲಿನಂತೆ ಯಾವ ಕಾಲುವೆಗೆ ನೀರು ಹೋಗುತ್ತಿದೆ ಎಂದು ಬರೆದಿಡುತ್ತದೆ. ಬರೆದಿಡುವ ದಾಖಲೆ ನಾಳೆ ಜಗಳಕ್ಕೆ ಸಾಕ್ಷಿ. ಆದ್ದರಿಂದ ಅದಕ್ಕೆ ಎಣಿಕೆಯ ಗಂಟೆ ಸಾಲದು, ಸಾಕ್ಷಾತ್ ಬ್ಯಾಟರಿ ಗಡಿಯಾರದ ಗಂಟೆಯೇ ಬೇಕೆಂದು ಹಂಸ ತೀರ್ಮಾನಿಸಿದಳು. ಅದನ್ನು ಓದುವ ಭಾಗವನ್ನು ಕರ್ನಲ್ಲಿನೊಳಗೇ ಕೂರಿಸಿದಳು. ಓದುವಾಗ ನಡುವೆ ಯಾರೂ ತೊಂದರೆ ಕೊಡಬಾರದೆಂದು ಬಾಗಿಲು ಭದ್ರವಾಗಿ ಹಾಕಿ, ಹೊಸ ಸೆಕೆಂಡು ಹುಟ್ಟುವವರೆಗೂ ಕಾದು, ಆಮೇಲೆ ಓದುವಂತೆ ಬರೆದಳು. ಅಪ್ಪನ ಮಗಳಲ್ಲವೇ!

ಪರೀಕ್ಷೆಯನ್ನೂ ಮಾಡಿದಳು, ಮಾಡಲಿಲ್ಲವೆನ್ನುವಂತಿಲ್ಲ. ಲ್ಯಾಬಿನಲ್ಲಿ ಒಂದು ಇಡೀ ಮಧ್ಯಾಹ್ನ ದಾಖಲೆಯ ಸಾಲುಗಳನ್ನು ತನ್ನ ಕೈಗಡಿಯಾರದ ಜೊತೆ ತಾಳೆ ನೋಡಿದಳು. ಒಂದು ಸೆಕೆಂಡೂ ಆಚೀಚೆಯಿರಲಿಲ್ಲ. ಕೆಂಪು ಬೋರ್ಡು ಇನ್ನೂ ಬಂದಿರಲಿಲ್ಲವಾದ್ದರಿಂದ ಅದನ್ನು ನೋಡುವ ಪ್ರಶ್ನೆಯೇ ಇರಲಿಲ್ಲ. ಊರಿನಲ್ಲಿ ಕೂರಿಸಿದ ದಿನ ಬೆಳಗ್ಗೆ ಆರಕ್ಕೆ ಬೋರ್ಡು, ಕೈಗಡಿಯಾರ ಎರಡೂ ಒಟ್ಟಿಗೇ ಆರು ತೋರಿಸಿದವು. ಅವಳು ಬೀಗಿಕೊಂಡು ಆರೂಹತ್ತರ ಬಸ್ಸು ಹತ್ತಿದಳು.

ಎರಡು ವಾರ ಕಳೆದು ಪ್ರಿಂಟರಿಗೆ ಕಾಗದ ಹಾಕಲು ಹೋದಾಗ ಪಾಪಯ್ಯ ಹತ್ತಿರ ಬಂದ. ಐವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಮಾತು ಬಹಳ ಕಮ್ಮಿ.

"ಅವ್ವಾ, ಈ ಕೆಂಪು ಗಡಿಯಾರ ವಸಿ ಇಂದೆ ಬೀಳ್ತದೆ ಕಣವ್ವ. ನೆಳ್ಳು ಅನ್ನೊಂದೂವರೆ ಗೀಟು ಮುಟ್ಟುದ್ರೂ ಇದಿನ್ನೂ ಅನ್ನೊಂದೂಕಾಲು ಅಂತದೆ."

ಹಂಸ ನಕ್ಕುಬಿಟ್ಟಳು. "ನೆರಳು ದಿನಕ್ಕೊಂದು ಕಡೆ ಬೀಳತ್ತೆ ಪಾಪಯ್ಯ. ಇದು ಹಾಗಲ್ಲ. ನೀನು ಇದನ್ನೇ ನೋಡ್ಕೊಂಡು ತಿರುಗಿಸು, ತಲೆ ಕೆಡಿಸ್ಕೋಬೇಡ" ಎಂದಳು. ಕೈಯಲ್ಲಿದ್ದ ಗಡಿಯಾರವನ್ನು ಒಮ್ಮೆ ನೋಡೋಣವೆಂದೂ ಅವಳಿಗೆ ಅನ್ನಿಸಲಿಲ್ಲ. ತಾನು ಬರೆದದ್ದನ್ನು ತಾನೇ ಅನುಮಾನಿಸುವುದೇ? ಪಾಪಯ್ಯ "ಆಯ್ತು ಕಣವ್ವ" ಎಂದ. ಅದಾದಮೇಲೆ ಆ ವಿಷಯ ಅವನು ಎತ್ತಲಿಲ್ಲ.

ಊರಿನಲ್ಲಿ ವಾಚು ಕಟ್ಟಿದವರು ಬೇರೆ ಯಾರೂ ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದರು, ಹತ್ತಾರು ಜನ. ಆದರೆ ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ! ಬಸ್ಸು ತಪ್ಪಬಾರದೆಂದು ಒಬ್ಬ ಹತ್ತು ನಿಮಿಷ ಮುಂದಿಟ್ಟುಕೊಂಡರೆ ಇನ್ನೊಬ್ಬ ಇಪ್ಪತ್ತು ನಿಮಿಷ ಮುಂದಿಟ್ಟುಕೊಂಡಿರುತ್ತಾನೆ. ಕೆಂಪು ಬೋರ್ಡು ಹಿಂದಿದ್ದರೆ, "ನಮ್ದು ಮುಂದಿಟ್ಟಿದೀವಲ್ಲ, ಅದ್ಕೆ" ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು. ಇನ್ನು ಕೆಳಗಿನ ಊರಿನ ನೀರುಗಂಟಿ ಬೋರಪ್ಪ, ರೇಡಿಯೋ ವಾರ್ತೆಗೆ ಗಡಿಯಾರ ಹೊಂದಿಸಿಕೊಂಡು ಹನ್ನೆರಡಕ್ಕೆ ಸರಿಯಾಗಿ ಬಂದು ತೂಬು ವಹಿಸಿಕೊಳ್ಳುತ್ತಿದ್ದ. ಅವನು ಬೇಗ ಬರುತ್ತಾನೆಂದು ಕೊಪ್ಪಲಿನವರು ಬೈದುಕೊಂಡರು. ಆ ಬೈಗುಳ ಕೆರೆಯಷ್ಟೇ ಹಳೆಯದಾದ್ದರಿಂದ ಯಾರೂ ಅದಕ್ಕೆ ಕಿವಿಗೊಡಲಿಲ್ಲ.

ಏಟು ಬಿದ್ದದ್ದು ಒಂಬತ್ತನೆಯ ಕಾಲುವೆಗೆ. ಅದು ಅನಸೂಯಮ್ಮನದು. ಗಂಡ ಸತ್ತಮೇಲೆ ಒಬ್ಬಳೇ ನಿಂತು ಬೇಸಾಯ ಮಾಡಿಸುವ ಗಟ್ಟಿ ಹೆಂಗಸು. ಬೇಸಿಗೆ ಭತ್ತ ನಾಟಿ ಹಾಕಿಸಿದ್ದಳು. ಫೆಬ್ರವರಿ ಕೊನೆಯ ಹೊತ್ತಿಗೆ ಅವಳ ಕೊನೆಯ ಮಡಿ ಬಿರುಕು ಬಿಡತೊಡಗಿತು. ಅವಳು ಸಂಘದ ಮುಂದೆ ನಿಂತು ಕೂಗಾಡಿದಳು. ಅರುಣ್‌ಕುಮಾರ್ ಹಂಸಳಿಗೆ ಫೋನು ಮಾಡಿದ. ಹಂಸ ಬಂದು, ಮೂರು ವಾರದ ದಾಖಲೆ ಮುದ್ರಿಸಿ, ಹೆಮ್ಮೆಯಿಂದ ಅವನ ಕೈಗಿಟ್ಟಳು.

ದಾಖಲೆ ಬೆರಳು ಮಾಡಿ ತೋರಿಸುತ್ತಿತ್ತು. ಮೊದಲ ಎಂಟು ಕಾಲುವೆಗೂ ಹೆಚ್ಚಿನ ದಿನ ನಲವತ್ತೆರಡು ನಿಮಿಷ. ಅನಸೂಯಮ್ಮನಿಗೆ ಇಪ್ಪತ್ತನಾಲ್ಕು. ಎಂಟು ಜನಕ್ಕೆ ಎರಡೆರಡು ನಿಮಿಷ ಹೆಚ್ಚು ಕೊಟ್ಟು, ಹದಿನಾರು ನಿಮಿಷವನ್ನು ಗಂಡಸಿಲ್ಲದ ಮನೆಯಿಂದ ಕಿತ್ತುಕೊಂಡಿದ್ದಾನೆ ಪಾಪಯ್ಯ! ಇನ್ನೇನು ಬೇಕು ಸಾಕ್ಷಿ? ಪಾಪಯ್ಯ ಮಾತ್ರ "ನಾನು ಕೆಂಪು ಗಡಿಯಾರ ನೋಡೇ ಬುಟ್ಟಿದ್ದು" ಎಂಬ ಒಂದೇ ಮಾತು ಹೇಳಿದ. ಕಂಪ್ಯೂಟರೇ ಹೇಳುತ್ತಿರುವಾಗ ಅವನ ಮಾತು ಯಾರು ಕೇಳುತ್ತಾರೆ? ಮುಂದಿನ ಭಾನುವಾರ ಶಾಲೆಯ ಜಗುಲಿಯಲ್ಲಿ ಸಭೆ ಸೇರಿ, ಅವನನ್ನು ಬಿಡಿಸಿ ತೂಬನ್ನು ಬೇರೆಯವರಿಗೆ ಕೊಡುವುದೆಂದು ಮಾತಾಯಿತು. ಅವನ ಹೆಂಡತಿ ಹೊನ್ನಕ್ಕ ಅಂಗಡಿಗೆ ಹೋದರೆ ಜನ ಮಾತು ನಿಲ್ಲಿಸುವಂತಾಯಿತು.

ಶುಕ್ರವಾರ ಕಾಲೇಜಿಗೆ ರಜೆಯಿತ್ತು. ಸಭೆಗೆ ಇನ್ನೊಂದು ಪ್ರತಿ ಬೇಕೆಂದು ಹಂಸ ಬೆಳಗ್ಗೆ ಏಳಕ್ಕೇ ತೂಬಿನ ಮನೆಗೆ ಹೋದಳು. ಅನಸೂಯಮ್ಮ ಏರಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಳು. ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ.

"ಮೇಡಮ್ಮಾರೆ, ನಂಗೊಂದು ಅನ್ಮಾನ. ಕರೆಂಟ್ ನೆಟ್ಟಗಿದ್ ದಿನ ನಂಗೆ ನೀರಿಲ್ಲ. ನಡುಮಧ್ಯ ಕರೆಂಟ್ ಓಗಿ ಮಿಷನ್ ಆರೋಗಿ ಇನ್ನೊಂದ್ ಸಲ ಅತ್ಕತದಲ್ಲ, ಆ ದಿನ ಮಾತ್ರ ನೀರು ತುಂಬಾ ಬತ್ತದೆ. ಇದ್ಯಾವ್ ಸೀಮೆ ಕಳ್ತನ ಕಣ್ ತಾಯಿ? ಕದಿಯೋನು ಮಿಷನ್ ಕಣ್ಮುಚ್ಚಿದ್ ದಿನ ಕದೀಬೇಕು. ಇವ್ನು ಕಣ್ ಬುಟ್ಕಂಡಿರೋ ದಿನವೇ ಕದೀತಾನಾ?"

ಹಂಸ ಮುಂಗೈ ಎತ್ತಿ ನೋಡಿದಳು: ಏಳು ಗಂಟೆ ಇಪ್ಪತ್ತು ನಿಮಿಷ. ಬೋರ್ಡು ನೋಡಿದಳು: ಏಳು ಹದಿನಾರು. ಅಲ್ಲೇ ಅನಸೂಯಮ್ಮನ ಪಕ್ಕ ಏರಿಯ ಮೇಲೆ ಕೂತಳು. ಎಂಟೂ ಇಪ್ಪತ್ತಾಯಿತು, ಬೋರ್ಡಿನಲ್ಲಿ ಎಂಟು ಹದಿಮೂರು. ಗಂಟೆಗೆ ಮೂರು ನಿಮಿಷದಂತೆ ಬೋರ್ಡು ಹಿಂದೆ ಬೀಳುತ್ತಿತ್ತು. ಪಾಪಯ್ಯ ಆ ಕಡೆ ತೊಟ್ಟಿಯ ಪಕ್ಕ ನಿಂತು, ಕೆಂಪು ಅಂಕಿಗಳನ್ನೇ ನೋಡುತ್ತಾ, ತಿರುಗಿಸುವ ಹೊತ್ತಿಗೆ ಸರಿಯಾಗಿ ತಿರುಗಿಸಿ ಗುಂಡಿ ಒತ್ತುತ್ತಿದ್ದ. ಅವಳು ಹೇಳಿದ ಹಾಗೆಯೇ ಮಾಡುತ್ತಿದ್ದ.

"ಕಡ್ಡಿಪೆಟ್ಟಿಗೆಯಷ್ಟು ಬುದ್ಧಿ ಇಲ್ವಲ್ಲೇ ನಿಂಗೆ" ಎಂದು ತನಗೇ ಬೈದುಕೊಂಡು ಅವಳು ಬಸ್ಸು ಹತ್ತಿದಳು.

ಲ್ಯಾಬಿನಲ್ಲಿ ಕೂತು ಹುಡುಕಲು ಅವಳಿಗೆ ಒಂದು ಗಂಟೆಯೂ ಹಿಡಿಯಲಿಲ್ಲ. ಹುಡುಕುವ ವಿಷಯದಲ್ಲಿ ಹಂಸಳನ್ನು ಮೀರಿಸುವವರು ಜಿಲ್ಲೆಯಲ್ಲೇ ಇರಲಿಲ್ಲ, ಆ ಮಾತು ಸುಳ್ಳಲ್ಲ. ಬ್ಯಾಟರಿ ಗಡಿಯಾರ ಓದುವಾಗ ಬಾಗಿಲು ಹಾಕಿಕೊಳ್ಳುವಂತೆ ತಾನೇ ಬರೆದಿದ್ದಳಲ್ಲ? ಬಾಗಿಲು ಹಾಕಿದ್ದಷ್ಟು ಹೊತ್ತೂ ಯಂತ್ರ ಹೊರಗೆ ನಿಂತು ನೂರು ಸಲ ತಟ್ಟುತ್ತದೆ, ಒಳಗಿನ ಯಜಮಾನನಿಗೆ ಒಂದೂ ಕೇಳಿಸುವುದಿಲ್ಲ. ಆ ಹೊತ್ತು ಅವನ ಎಣಿಕೆಗೆ ಸೇರುವುದೇ ಇಲ್ಲ. ಎಷ್ಟು ಹೊತ್ತು ಹಾಗೆ? ಸೆಕೆಂಡಿನ ಅಂಚಿನಲ್ಲಿ ಓದಿ ಮುಗಿಸಿ, ಸರಿಯಾಗಿ ಇಪ್ಪತ್ತು ಸೆಕೆಂಡು ಬಿಟ್ಟು ವಾಪಸು ಬಂದರೆ, ಹೊಸ ಸೆಕೆಂಡು ಆಗ ತಾನೇ ಹುಟ್ಟಿ ಆಗಿರುತ್ತದೆ. ಬಸ್ಸು ಹೊರಟ ಮರುಗಳಿಗೆ ಸ್ಟ್ಯಾಂಡಿಗೆ ಬಂದವರ ಗತಿ. ಮುಂದಿನದಕ್ಕೆ ಇಡೀ ಒಂದು ಸೆಕೆಂಡು ಕಾಯಬೇಕು. ಇಪ್ಪತ್ತು ಸೆಕೆಂಡಿಗೆ ಒಂದು ಸೆಕೆಂಡು ನಷ್ಟ. ಗಂಟೆಗೆ ಮೂರು ನಿಮಿಷ. ನಲವತ್ತು ನಿಮಿಷವೆಂದು ಬೋರ್ಡು ತೋರಿಸುವಾಗ ನಿಜಕ್ಕೂ ಆಗಿರುವುದು ನಲವತ್ತೆರಡು. ಗಡಿಯಾರವನ್ನು ನೋಡಿ ನೋಡಿಯೇ ಅವಳು ಗಡಿಯಾರವನ್ನು ಕೆಡಿಸಿದ್ದಳು. ಕರೆಂಟ್ ಹೋಗಿ ಬಂದಾಗ ಕರ್ನಲ್ ಹೊಸದಾಗಿ ಬ್ಯಾಟರಿ ಗಡಿಯಾರವನ್ನು ಕೇಳಿ ಸರಿಯಾಗುತ್ತಿತ್ತು. ಆ ದಿನ ಅನಸೂಯಮ್ಮನಿಗೆ ನೀರು.

ಕರ್ನಲ್ ಬರೆದವರು ಕಾದದ್ದು ದಿನಕ್ಕೆ ಒಂದೇ ಸಲ, ಅದೂ ಎದ್ದ ಕೂಡಲೆ, ಬಾಗಿಲು ತಟ್ಟುವವರು ಯಾರೂ ಇಲ್ಲದಾಗ. ಅವಳು ಅದೇ ಆಚಾರವನ್ನು ದಿನವಿಡೀ ಮಾಡಿದ್ದಳು. ಸಂಜೆಯೊಳಗೆ ಎಲ್ಲವನ್ನೂ ಕಿತ್ತು ಹೊಸದಾಗಿ ಬರೆದಳು. ದಾಖಲೆಯ ಸಾಲಿಗೂ ಇನ್ನು ಮೇಲೆ ಕರ್ನಲ್ಲಿನ ಎಣಿಕೆಯೇ ಸಾಕು. ಬ್ಯಾಟರಿ ಗಡಿಯಾರವನ್ನು ಗಂಟೆಗೊಮ್ಮೆ ಮಾತ್ರ ಇಣುಕಿ ನೋಡುವುದು. ಅದು ಅಂಕಿ ಬದಲಿಸುತ್ತಿದ್ದರೆ ಅಲ್ಲಿ ನಿಂತು ಕಾಯುವ ಮಾತಿಲ್ಲ, ಹೋಗಿ ಆಮೇಲೆ ಬರುವುದು. ಬದಲಿಸುತ್ತಿಲ್ಲವೆಂದರೆ ಬಾಗಿಲು ಹಾಕದೆಯೇ ಎರಡು ಸಲ ಓದುವುದು. ಎರಡೂ ಒಂದೇ ಆದರೆ ನಂಬುವುದು, ಬೇರೆಯಾದರೆ ಬಿಟ್ಟು ಮತ್ತೆ ಓದುವುದು. ಒಂದು ಸೆಕೆಂಡು ಹಿಡಿಯುತ್ತಿದ್ದ ಕೆಲಸ ಈಗ ಸಾಸಿವೆ ಸಿಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಶನಿವಾರ ಬೆಳಗ್ಗೆ ಆರರಿಂದ ಹ​ನ್ನೆರಡರವರೆಗೆ ತೂಬಿನ ಬಳಿಯೇ ಕೂತು ನೋಡಿದಳು. ಆರು ಗಂಟೆ ಕಳೆದರೂ ಬೋರ್ಡು ಅವಳ ಕೈಗಡಿಯಾರವನ್ನು ಬಿಟ್ಟು ಕದಲಲಿಲ್ಲ. ಅಬ್ಬಾ ಎಂದು ಎದ್ದು ನಿಂತವಳಿಗೆ, ತೊಟ್ಟಿಯ ಬಳಿ ತಲೆತಗ್ಗಿಸಿ ಕೈ ತೊಳೆಯುತ್ತಿದ್ದ ಪಾಪಯ್ಯ ಕಂಡ. ಗೆದ್ದ ಸಂತೋಷವೆಲ್ಲ ಅಲ್ಲೇ ಇಳಿದುಹೋಯಿತು.

ಭಾನುವಾರ ಸಭೆಗೆ ಮುಂಚೆ ಅರುಣ್‌ಕುಮಾರನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದಳು. ಅವನು ತಲೆ ಕೆರೆದುಕೊಂಡ.

"ಮೇಡಂ, ಒಂದ್ ಮಾತು ಕೇಳಿ. ಕರೆಂಟಿನ ಏರುಪೇರಿಂದ ಮಿಷನ್ ಕೆಟ್ಟಿತ್ತು ಅಂದ್ಬುಡಿ, ಸಾಕು. ಪಾಪಯ್ಯನೂ ಉಳ್ಕತಾನೆ, ನೀವೂ ಉಳ್ಕತೀರಿ. ಇನ್ನೂ ಹತ್ತು ಕೆರೇಗೆ ನಿಮ್ ಕೈಲೇ ಮಾಡಿಸ್ಬೇಕು ಅಂತ ಮಾತು ನಡೀತಾ ಅದೆ. ಕರೆಂಟೇನು ಬಂದು ಜಗಳ ಆಡ್ತದಾ?"

ಮನಸ್ಸು ಒಂದು ಗಳಿಗೆ ಆ ಕಡೆ ವಾಲಿತು. ನಿಮಗೆ ಸುಳ್ಳು ಯಾಕೆ ಹೇಳಬೇಕು? ಹತ್ತು ಕೆರೆ! ಪಾಲಿಟೆಕ್ನಿಕ್ಕಿನಲ್ಲಿ ಅವಳ ಹೆಸರು! ಆದರೆ ಮರುಗಳಿಗೆಗೆ ಸಿಟ್ಟು ನೆತ್ತಿಗೇರಿತು.

"ಕರೆಂಟ್ ಹೋದ ದಿನವೇ ಅಲ್ವೇನೋ ಎಲ್ಲಾ ಸರಿಯಾಗಿದ್ದದ್ದು! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದು ಸಾಲದಾ? ಮಿಷನ್ ಕೆಟ್ಟಿತ್ತು ಅಂದ್ರೆ ನಾಳೆ ಜನ ಏನಂತಾರೆ? ಕೆಟ್ಟದ್ದನ್ನ ನೋಡ್ಕೊಂಡು ಪಾಪಯ್ಯ ಆಟ ಆಡಿದ ಅಂತಾರೆ. ಸುಮ್ನೆ ನಡಿ" ಎಂದಳು.

ಜಗುಲಿ ತುಂಬಿತ್ತು. ಪಾಪಯ್ಯ ಕೆಳಗೆ ಅಂಗಳದಲ್ಲಿ ನಿಂತಿದ್ದ. ತೂಬು ತಿರುಗಿಸುವ ಕಬ್ಬಿಣದ ಹಿಡಿಯನ್ನು ಒಪ್ಪಿಸಲೆಂದು ತಂದು ಮೆಟ್ಟಿಲ ಮೇಲಿಟ್ಟಿದ್ದ. ಹಂಸ ಎದ್ದು ನಿಂತಳು.

"ಪಾಪಯ್ಯನ ತಪ್ಪು ಒಂದು ನಿಮಿಷದ್ದೂ ಇಲ್ಲ. ಕೆಂಪು ಗಡಿಯಾರ ನಿಧಾನ ನಡೀತಿತ್ತು. ಅದನ್ನ ನಿಧಾನ ಮಾಡಿದ್ದು ನಾನು ಬರೆದ ಪ್ರೋಗ್ರಾಮು. ಇಪ್ಪತ್ತು ಸೆಕೆಂಡಿಗೊಂದು ಸಲ ಅದು ಬಾಗಿಲು ಹಾಕ್ಕೊಂಡು ಒಂದು ಸೆಕೆಂಡು ಸುಮ್ನೆ ಕೂತಿರ್ತಿತ್ತು. ಎಂಟು ಜನಕ್ಕೆ ಎರಡೆರಡು ನಿಮಿಷ ಹೆಚ್ಚು ಹೋಯ್ತಲ್ಲ, ಅದು ಅನಸೂಯಮ್ಮನವರ ಹದಿನಾರು ನಿಮಿಷ. ಕೊಟ್ಟದ್ದು ಪಾಪಯ್ಯ ಅಲ್ಲ, ನಾನು. ಇನ್ನೂ ಒಂದು ಮಾತು. ಪಾಪಯ್ಯ ಮೊದಲೇ ನಂಗೆ ಹೇಳಿದ್ದ, ಗಡಿಯಾರ ಹಿಂದಿದೆ ಅಂತ. ನಾನು ನಕ್ಕು ಕಳಿಸಿದೆ."

ಅನಸೂಯಮ್ಮ ಎದ್ದಳು. ಎದ್ದವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಓದಿದೋಳು ಅಂತ ನಂಬಿದ್ವಲ್ಲೇ ತಾಯಿ! ನನ್ ಗದ್ದೆ ಬಿರುಕ್ ಬುಟ್ಟದೆ, ಅದು ಓಗ್ಲಿ, ಮುಂದಿನ್ ವರ್ಸ ನಾಟಿ ಆಕ್ಕತೀನಿ. ಈ ಬಾಯಲ್ಲಿ ಪಾಪಯ್ಯನ್ನ ಕಳ್ಳ ಅಂದ್ಬುಟ್ನಲ್ಲ, ಊರೆಲ್ಲಾ ಸಾರ್ಕಂಡ್ ಬಂದ್ನಲ್ಲ, ಆ ಮಾತ್ನ ಯಾವ್ ನೀರಲ್ಲಿ ತೊಳೀಲಿ? ಏಳು!"

ಹಂಸ ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡಳು. ಎದುರುತ್ತರ ಕೊಡದೆ ಅವಳು ಬೈಗುಳ ಕೇಳಿದ್ದು ಹುಟ್ಟಿದಮೇಲೆ ಅದೇ ಮೊದಲು.

ಅರುಣ್‌ಕುಮಾರ್ ಗಡಿಬಿಡಿಯಲ್ಲಿ ಮೆಟ್ಟಿಲಿಳಿದು ಕಬ್ಬಿಣದ ಹಿಡಿಯನ್ನು ಎತ್ತಿ ಪಾಪಯ್ಯನ ಕಡೆ ಚಾಚಿದ. "ತಗಾ ಪಾಪಯ್ಯ, ಆಗಿದ್ದು ಆಗೋಯ್ತು. ಎಲ್ರೂ ಒಪ್ಕಂಡವ್ರೆ, ನೀನು ತಪ್ಪು ಮಾಡಿಲ್ಲ. ತಗಾ."

ಪಾಪಯ್ಯ ಕೈ ಮುಂದೆ ಮಾಡಲಿಲ್ಲ.

"ಬಾಯಲ್ಲಿ ಕಳ್ಳ ಅಂದ್ರಿ. ಈಗ ಬಾಯಲ್ಲೇ ಅಲ್ಲ ಅಂತೀರಿ. ನಾಳೀಕೆ ಇನ್ನೊಂದು ಮಿಷನ್ ಬಂದು ಇನ್ನೊಂದು ಏಳ್ತದೆ. ನಂಗೆ ಕ್ಷಮೆಗಿಮೆ ಏನೂ ಬ್ಯಾಡಿ ಸಾ. ನನ್ ಮ್ಯಾಲೆ ನಿಜ್ವಾಗ್ಲೂ ನಂಬ್ಕೆ ಅದೆ ಅನ್ನೋರು ನಮ್ಮನೇಗ್ ಬಂದು ಒಂದ್ ಲೋಟ ನೀರು ಕುಡ್ಕಂಡ್ ಓಗಿ. ಆಮ್ಯಾಕ್ ತೂಬಿನ್ ಇಡಿ ಈಸ್ಕತೀನಿ."

ಅಷ್ಟು ಹೇಳಿ ಅವನು ತಿರುಗಿ ಮನೆಯ ಕಡೆ ನಡೆದ. ಅಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ಜಗುಲಿಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಮೂರು ತಲೆಮಾರಿನಿಂದ ಊರಿನ ಅಷ್ಟೂ ಗದ್ದೆಗೆ ನೀರು ಹಾಯಿಸಿದ ಮನೆ ಅದು. ಆ ಮನೆಯೊಳಗೆ ಮೇಲಿನ ಕೇರಿಯವರು ಯಾರೂ ಒಂದು ಹನಿ ನೀರು ಕುಡಿದಿರಲಿಲ್ಲ. ಹಾಗೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಹಂಸಳಿಗೂ ಗೊತ್ತಿತ್ತು. ಮಡಿ ಉಟ್ಟು ಓಡಾಡುವ ಅಪ್ಪನ ಮುಖ ಕಣ್ಣೆದುರು ಬಂದು, ಕಾಲು ಒಂದು ಗಳಿಗೆ ತಡೆಯಿತು. ತಡೆದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಚಪ್ಪಲಿ ಮೆಟ್ಟಿಕೊಂಡು ಅವಳು ಬಿಸಿಲಿಗಿಳಿದಳು.

ಹೊನ್ನಕ್ಕ ಬಾಗಿಲಲ್ಲೇ ಗಾಬರಿಯಾಗಿ ನಿಂತುಬಿಟ್ಟಳು. "ಇದೇನವ್ವಾ, ನಮ್ಮನೇಗೆ..." ಎಂದಳು. "ಬಾಯಾರಿಕೆ ಆಗಿದೆ ಹೊನ್ನಕ್ಕ, ನೀರು ಕೊಡಿ" ಎಂದಳು ಹಂಸ. ಹೊನ್ನಕ್ಕ ಸ್ಟೀಲಿನ ಲೋಟವನ್ನು ಸೆರಗಿನಲ್ಲಿ ಒಂದು ಸಲ ಒರೆಸಿದಳು, ಇನ್ನೊಂದು ಸಲ ಒರೆಸಿದಳು, ಸಮಾಧಾನವಾಗದೆ ತೊಳೆದಳು. ಕೊಡದಿಂದ ಬಗ್ಗಿಸುವಾಗ ಅರ್ಧ ನೀರು ನೆಲಕ್ಕೆ ಚೆಲ್ಲಿತು. ಹಂಸ ಲೋಟ ಕಚ್ಚಿಕೊಂಡೇ ಕುಡಿದಳು, ಒಂದು ಹನಿ ಉಳಿಸದೆ. ಹೊನ್ನಕ್ಕ ಅವಳನ್ನೇ ನೋಡುತ್ತಾ ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

ಬಾಗಿಲಲ್ಲಿ ನೆರಳಾಡಿತು. ಅನಸೂಯಮ್ಮ ಒಳಗೆ ಬಂದು, ಹಂಸಳ ಕೈಯಿಂದ ಲೋಟವನ್ನು ಕಿತ್ತುಕೊಂಡವಳಂತೆ ತೆಗೆದುಕೊಂಡು, "ನಂಗೂ ಬಗ್ಸವ್ವ ಹೊನ್ನಕ್ಕ. ತುಂಬಾ ಬಗ್ಸು" ಎಂದಳು. ಅವಳ ಹಿಂದೆ ಹೊಸಿಲಾಚೆ ಅರುಣ್‌ಕುಮಾರ್ ಕಬ್ಬಿಣದ ಹಿಡಿಯನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಅವನ ಹಿಂದೆ ಇನ್ನೂ ಏಳೆಂಟು ಜನ.

ಪಾಪಯ್ಯ ಗೋಡೆ ಬದಿಯಿಂದ ಎದ್ದು ಬಂದು ಕೊಡವನ್ನು ಓರೆ ಮಾಡಿ ನೋಡಿದ. "ಇಷ್ಟ್ ಜನಕ್ಕೆ ಇದ್ ಸಾಲಾಕಿಲ್ಲ ಕಣಮ್ಮಿ" ಎಂದು ಹೆಂಡತಿಗೆ ಹೇಳಿ, ಮೂಲೆಯಲ್ಲಿದ್ದ ಇನ್ನೊಂದು ಕೊಡ ಎತ್ತಿಕೊಂಡು ಬೋರ್‌ವೆಲ್ಲಿನ ಕಡೆ ಹೊರಟ.